ಗ್ಯಾರೇಜ್ ಆಮೇಲೆ, ಮೊದಲು ದಾರಿ ಬರೆಯಿರಿ

ಪ್ರಶ್ನೆ: ನಮ್ಮದು 12 ಮೀಟರ್ ಅಗಲ, 36 ಮೀಟರ್ ಉದ್ದದ ಸೈಟು. ಮನೆ 8 ಮೀಟರ್ ಅಗಲ, 15 ಮೀಟರ್ ಉದ್ದ. ಮುಂದೆ 6 ಮೀಟರ್ ಖಾಲಿ ಇದೆ, ಒಂದು ಪಕ್ಕ 3 ಮೀಟರ್, ಇನ್ನೊಂದು ಪಕ್ಕ 1 ಮೀಟರ್. ಮನೆಯ ಪಕ್ಕದಿಂದ ಪೂರ್ತಿ ಕಾಂಕ್ರೀಟ್ ಡ್ರೈವ್‌ವೇ ಮಾಡಿ, ಹಿತ್ತಲಲ್ಲಿ ಎರಡು ಕಾರಿನ ಗ್ಯಾರೇಜ್ (6 × 6.5 ಮೀಟರ್) ಕಟ್ಟುವ ಆಸೆ. ಹಿತ್ತಲು ರಸ್ತೆಗಿಂತ 1.1 ಮೀಟರ್ ತಗ್ಗಿನಲ್ಲಿದೆ. ಪಾಲಿಕೆಗೆ ಅರ್ಜಿ ಹಾಕಿದೆವು, ವಾಪಸ್ ಬಂತು. ನಾಲ್ಕು ಆಕ್ಷೇಪ ಬರೆದಿದ್ದಾರೆ: ಕಟ್ಟಡಗಳು ಸೈಟಿನ ಶೇ. 35ರ ಮಿತಿ ದಾಟುತ್ತವೆ, ಮಳೆನೀರು ಎಲ್ಲಿಗೆ ಹೋಗುತ್ತದೆ ಅಂತ ತೋರಿಸಿಲ್ಲ, ರಸ್ತೆಬದಿಯ ಮರಕ್ಕೆ ರಕ್ಷಣೆ ಇಲ್ಲ, ರಸ್ತೆಯಿಂದ ಒಳಬರುವ ಜಾಗಕ್ಕೆ ಬೇರೆ ಅನುಮತಿ ಬೇಕು. ಕಂಟ್ರಾಕ್ಟರ್ "ಕಟ್ಟಿಬಿಡೋಣ, ಆಮೇಲೆ ಸರಿ ಮಾಡಿಸಿಕೊಳ್ಳೋಣ" ಅನ್ನುತ್ತಾರೆ. ಏನು ಮಾಡುವುದು?

ಉತ್ತರ: ಕಂಟ್ರಾಕ್ಟರ್ ಮಾತಿನಿಂದಲೇ ಶುರು ಮಾಡುತ್ತೇನೆ. ಬೇಡ. ದಯವಿಟ್ಟು ಬೇಡ. ಅನುಮತಿ ಇಲ್ಲದೆ ಕಟ್ಟಿದರೆ ದಂಡ ಬೀಳುತ್ತದೆ ಅನ್ನುವುದು ಸಣ್ಣ ವಿಷಯ. ದೊಡ್ಡ ವಿಷಯ ಏನೆಂದರೆ, ಪಾಯ ಎಷ್ಟು ಆಳ ಇದೆ, ಕಂಬಿ ಹೇಗೆ ಕಟ್ಟಿದ್ದಾರೆ, ಕೆಳಗೆ ಯಾವ ಪೈಪ್ ಹೋಗಿದೆ ಅಂತ ಕಾಂಕ್ರೀಟ್ ಬಿದ್ದ ಮೇಲೆ ಯಾರಿಗೂ ಕಾಣುವುದಿಲ್ಲ. ಆಮೇಲೆ ಇನ್ಸ್‌ಪೆಕ್ಟರ್ ಬಂದು ನೋಡಬೇಕು ಅಂದರೆ ಒಡೆದೇ ತೋರಿಸಬೇಕು. ಗಡಿಯಿಂದ ಬಿಡಬೇಕಾದ ಜಾಗ ಬಿಡದೆ ಕಟ್ಟಿದ್ದರಂತೂ ಸರಿ ಮಾಡಲು ದಾರಿಯೇ ಇಲ್ಲ, ಗೋಡೆ ಹಿಂದಕ್ಕೆ ಸರಿಯುವುದಿಲ್ಲವಲ್ಲ. ಮನೆ ಮಾರುವಾಗ, ಸಾಲ ತೆಗೆಯುವಾಗ, ಬೆಂಕಿ ಬಿದ್ದು ವಿಮೆ ಕೇಳುವಾಗ ಈ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ಆ ಹೊತ್ತಿಗೆ ಕಂಟ್ರಾಕ್ಟರ್ ಬೇರೆ ಕಡೆ ಕೆಲಸ ಮಾಡುತ್ತಿರುತ್ತಾರೆ. ನೋಟಿಸ್ ಬರುವುದು ನಿಮ್ಮ ಹೆಸರಿಗೆ.

ಇನ್ನೊಂದು ಮಾತು. ನಿಮ್ಮ ಅರ್ಜಿ ತಿರಸ್ಕಾರ ಆಗಿಲ್ಲ. ವಾಪಸ್ ಬಂದಿದೆ ಅಷ್ಟೇ. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಆಕ್ಷೇಪಗಳನ್ನು ಬರೆದು ಕಳಿಸಿದ್ದಾರೆ ಅಂದರೆ ಯಾರೋ ಕೂತು ನಿಮ್ಮ ನಕ್ಷೆ ಓದಿದ್ದಾರೆ. ಆ ನಾಲ್ಕು ಆಕ್ಷೇಪಗಳನ್ನು ಮತ್ತೆ ಓದಿ ನೋಡಿ. ಗ್ಯಾರೇಜ್‌ಗೆ ನೇರವಾಗಿ ಸಂಬಂಧಪಟ್ಟಿದ್ದು ಒಂದೇ. ಉಳಿದ ಮೂರೂ ದಾರಿಯ ಮೇಲೆ ಬಂದಿವೆ. ನೀವು ಗ್ಯಾರೇಜ್ ಬರೆದು, ಆಮೇಲೆ ಅದಕ್ಕೆ ಒಂದು ದಾರಿ ಎಳೆದಿದ್ದೀರಿ. ಎಲ್ಲರೂ ಮಾಡುವುದು ಹಾಗೇ. ಪಾಲಿಕೆಯವರು ಓದುವುದು ಉಲ್ಟಾ, ರಸ್ತೆಯಿಂದ ಒಳಕ್ಕೆ. ಹಾಗಾಗಿ ನಾನೂ ರಸ್ತೆಯಿಂದಲೇ ಬರುತ್ತೇನೆ.

ನಿಮ್ಮ ಗೇಟಿನಿಂದ ಡಾಂಬರಿನ ಅಂಚಿನವರೆಗಿನ ಜಾಗ ನಿಮ್ಮದಲ್ಲ. ಫುಟ್‌ಪಾತ್, ಚರಂಡಿ, ಕಲ್ಲಿನ ಅಂಚು, ಅಲ್ಲಿರುವ ಮರ, ದೀಪದ ಕಂಬ ಎಲ್ಲವೂ ಊರಿನವು. ನೀವು ದಿನಾ ಗುಡಿಸಿದರೂ, ನೀರು ಹಾಕಿದರೂ ಅಷ್ಟೇ. ಆದ್ದರಿಂದಲೇ ಎರಡು ಅನುಮತಿ ಬೇಕಾಗುವುದು. ನಿಮ್ಮ ಸೈಟಿನೊಳಗೆ ಕಟ್ಟುವುದಕ್ಕೆ ಒಂದು. ಊರಿನ ಜಾಗದಲ್ಲಿ ಅಂಚುಕಲ್ಲು ತಗ್ಗಿಸಿ, ಫುಟ್‌ಪಾತ್ ದಾಟಿ ಕಾರು ಒಳಗೆ ಬರುವುದಕ್ಕೆ ಇನ್ನೊಂದು. ಸಾಮಾನ್ಯವಾಗಿ ಮೊದಲನೆಯದನ್ನು ಕಟ್ಟಡ ವಿಭಾಗ ನೋಡುತ್ತದೆ, ಎರಡನೆಯದನ್ನು ರಸ್ತೆ ವಿಭಾಗ ನೋಡುತ್ತದೆ. ಇಬ್ಬರ ಟೇಬಲ್ಲೂ ಬೇರೆ, ಫಾರಮ್ಮೂ ಬೇರೆ. ಒಂದು ಸಿಕ್ಕಿತು ಅಂದ ಮಾತ್ರಕ್ಕೆ ಇನ್ನೊಂದು ಸಿಕ್ಕ ಹಾಗೆ ಅಲ್ಲ.

ನನ್ನ ಸಲಹೆ: ರಸ್ತೆಯ ಅನುಮತಿಯನ್ನು ಮೊದಲು ಕೇಳಿ, ಅಥವಾ ಕನಿಷ್ಠ ಎರಡನ್ನೂ ಒಟ್ಟಿಗೆ ಹಾಕಿ. ಗ್ಯಾರೇಜ್‌ಗೆ ಮುದ್ರೆ ಬಿದ್ದು ದಾರಿಗೆ ಬೀಳದಿದ್ದರೆ ನಿಮ್ಮ ಕೈಯಲ್ಲಿ ಉಳಿಯುವುದು ಒಂದು ದೊಡ್ಡ ಉಗ್ರಾಣ. ಹಾಗೆ ಆದ ಮನೆಯನ್ನು ನಾನೇ ನೋಡಿದ್ದೇನೆ. ಗ್ಯಾರೇಜ್ ಎದ್ದು ನಿಂತಿತ್ತು, ಎದುರಿಗೆ ನೀರಿನ ದೊಡ್ಡ ವಾಲ್ವ್‌ನ ಗುಂಡಿ ಇತ್ತು, ಅದನ್ನು ಸರಿಸುವ ಖರ್ಚು ಗ್ಯಾರೇಜ್‌ನ ಖರ್ಚಿನ ಹತ್ತಿರಕ್ಕೆ ಬರುತ್ತಿತ್ತು. ಆ ಮನೆಯವರು ನನ್ನನ್ನು ಕರೆದಿದ್ದು ಕಟ್ಟಿ ಮುಗಿದ ಮೇಲೆ. ನಾನು ಹೇಳಲು ಏನೂ ಉಳಿದಿರಲಿಲ್ಲ. ಆ ದಿನದಿಂದ ಯಾರು ಬಂದರೂ ಮೊದಲು ಗೇಟಿನ ಹೊರಗೆ ನಿಂತು ಮಾತಾಡುತ್ತೇನೆ.

ನೀವೂ ಹಾಗೇ ಮಾಡಿ. ಟೇಪ್ ಹಿಡಿದು ಗೇಟಿನ ಹೊರಗೆ ಹೋಗಿ. ಮರ, ಕಂಬ, ಮ್ಯಾನ್‌ಹೋಲ್, ವಾಲ್ವ್, ಪಕ್ಕದ ಮನೆಯ ಡ್ರೈವ್‌ವೇ, ಹತ್ತಿರದ ತಿರುವು ಎಲ್ಲವೂ ನಿಮ್ಮ ಗಡಿಯಿಂದ ಎಷ್ಟು ದೂರ ಅಂತ ಬರೆದುಕೊಳ್ಳಿ. ಒಂದು ಕಾರಿನ ದಾರಿಗೆ 3 ಮೀಟರ್ ಅಗಲ ಸಾಕು. ಅಂಚಿನಲ್ಲಿ ಎರಡೂ ಕಡೆ ಸ್ವಲ್ಪ ಅಗಲಿಸಿದರೆ ಒಟ್ಟು 5 ಮೀಟರ್ ಆಸುಪಾಸು ಬರುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಆ 5 ಮೀಟರ್ ಅಂದರೆ ರಸ್ತೆಯ ಮೇಲೆ ಒಂದು ಕಾರು ನಿಲ್ಲುವ ಜಾಗ. ನಿಮ್ಮ ಕಾರು ಒಳಗೆ ಹೋಗುತ್ತದೆ ನಿಜ, ಅದಕ್ಕೆ ಬದಲಾಗಿ ಬೀದಿಯವರೆಲ್ಲರೂ ಬಳಸುತ್ತಿದ್ದ ಒಂದು ಜಾಗ ಹೋಗುತ್ತದೆ. ಅಕ್ಕಪಕ್ಕದವರು ತಕರಾರು ಮಾಡಿದರೆ ಹೆಚ್ಚಾಗಿ ಇದಕ್ಕೇ ಮಾಡುತ್ತಾರೆ, ಗ್ಯಾರೇಜ್ ಗೋಡೆಗೆ ಅಲ್ಲ. ಅವರ ಮಾತಿನಲ್ಲೂ ನ್ಯಾಯ ಇದೆ. ಅದಕ್ಕೇ ದಾರಿಯ ಬಾಯಿ ಎಷ್ಟು ಕಿರಿದಾಗಿದ್ದರೆ ಅಷ್ಟು ಒಳ್ಳೆಯದು. ಎರಡು ಕಾರಿನ ಅಗಲಕ್ಕೆ ಬಾಯಿ ತೆಗೆಯಲು ಕೇಳಬೇಡಿ, ನಿಮಗೆ ಅದು ಬೇಕಾಗಿಯೂ ಇಲ್ಲ.

ಫುಟ್‌ಪಾತ್ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಕಾರು ಫುಟ್‌ಪಾತ್ ದಾಟಬೇಕೇ ಹೊರತು ಫುಟ್‌ಪಾತ್ ಕಾರಿಗಾಗಿ ಏರಿ ಇಳಿಯಬಾರದು. ಬಹಳ ಮನೆಗಳ ಮುಂದೆ ಇದು ತಲೆಕೆಳಗಾಗಿದೆ. ಕಾರಿಗೆ ಸುಲಭ ಆಗಲಿ ಅಂತ ಫುಟ್‌ಪಾತನ್ನೇ ರಸ್ತೆಯ ಕಡೆಗೆ ಓರೆಯಾಗಿ ಇಳಿಸಿಬಿಡುತ್ತಾರೆ. ಗಾಲಿಕುರ್ಚಿಯಲ್ಲಿ ಬರುವವರಿಗೆ, ಕೋಲು ಹಿಡಿದು ನಡೆಯುವವರಿಗೆ ಅಲ್ಲಿ ರಸ್ತೆಗೆ ಜಾರಿದ ಹಾಗೆ ಆಗುತ್ತದೆ. ನಡೆಯುವ ಪಟ್ಟಿಯ ಅಡ್ಡ ಇಳಿಜಾರು ಶೇ. 2ರ ಒಳಗೆ ಇರಬೇಕು, ಅಂದರೆ 1 ಮೀಟರ್‌ಗೆ 2 ಸೆಂಟಿಮೀಟರ್. ನಿಮ್ಮ ನಕ್ಷೆಯಲ್ಲಿ ಈ ಅಂಕಿಯನ್ನು ನೀವೇ ಬರೆದು ಕೊಟ್ಟರೆ ರಸ್ತೆ ವಿಭಾಗದವರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಜೊತೆಗೆ ನೋಟ. ಕಾಂಪೌಂಡ್ ಗೋಡೆ ಆಳೆತ್ತರ ಇದ್ದರೆ, ಕಾರಿನ ಮೂತಿ ಫುಟ್‌ಪಾತ್‌ಗೆ ಬರುವವರೆಗೂ ಡ್ರೈವರ್‌ಗೆ ಯಾರೂ ಕಾಣುವುದಿಲ್ಲ. ಹಿಂದಕ್ಕೆ ತೆಗೆಯುವಾಗ ಇನ್ನೂ ಕಷ್ಟ. ಪುಟ್ಟ ಮಗು ಸೈಕಲ್‌ನಲ್ಲಿ ಬಂದರೆ? ಆದ್ದರಿಂದ ದಾರಿಯ ಎರಡೂ ಪಕ್ಕ, ಗಡಿಯಿಂದ ಒಳಕ್ಕೆ ಸುಮಾರು 2 ಮೀಟರ್‌ನ ತ್ರಿಕೋನದಲ್ಲಿ ಗೋಡೆ, ಬೇಲಿಗಿಡ ಯಾವುದೂ ಸೊಂಟಕ್ಕಿಂತ ಕೆಳಗೇ ಇರಲಿ. 60ರಿಂದ 90 ಸೆಂಟಿಮೀಟರ್ ಸರಿಯಾಗಿರುತ್ತದೆ. ಭದ್ರತೆ ಬೇಕು ಅನ್ನಿಸಿದರೆ ಅದರ ಮೇಲೆ ಸರಳಿನ ಗ್ರಿಲ್ ಹಾಕಿ, ಆಚೆ ಕಾಣುವ ಹಾಗೆ. ಗೇಟ್ ಹೊರಕ್ಕೆ ತೆರೆಯುವಂತೆ ಇಡಬೇಡಿ, ಅದನ್ನು ಯಾವ ಊರೂ ಒಪ್ಪುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಸಾಧ್ಯವಾದರೆ ಗೇಟನ್ನು ಗಡಿಯಿಂದ 5.5 ಮೀಟರ್ ಒಳಕ್ಕೆ ಇಡಿ. ನಿಮ್ಮಲ್ಲಿ ಮುಂದೆ 6 ಮೀಟರ್ ಇದೆಯಲ್ಲ, ಅಲ್ಲಿಗೆ ಗೇಟ್ ಹೆಚ್ಚುಕಡಿಮೆ ಮನೆಯ ಮುಂಗೋಡೆಯ ಸಾಲಿಗೆ ಬರುತ್ತದೆ. ಆಗ ಗೇಟ್ ತೆಗೆಯುವಷ್ಟು ಹೊತ್ತು ಕಾರು ಫುಟ್‌ಪಾತ್ ಮೇಲೆ ನಿಲ್ಲಬೇಕಾಗುವುದಿಲ್ಲ.

ಈಗ ಮರ. ಇದು ಬರೀ ನೆಪ ಅಂತ ಬಹಳ ಜನ ತಿಳಿದಿದ್ದಾರೆ, ಅಲ್ಲ. ಮರದ ಬೇರು ಪಾತಾಳಕ್ಕೆ ಇಳಿಯುತ್ತದೆ ಅಂದುಕೊಳ್ಳುತ್ತೇವೆ. ನಿಜವಾಗಿ ನೀರು, ಗಾಳಿ ಎಳೆಯುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲೇ ಹರಡಿರುತ್ತವೆ. ಡ್ರೈವ್‌ವೇಗೆ ಅಗೆಯುವುದೂ ಅದೇ ಪದರದಲ್ಲಿ. ಅಂದರೆ ಸರಿಯಾಗಿ ಬೇರಿನ ಮೇಲೆಯೇ ಗುದ್ದಲಿ ಬೀಳುತ್ತದೆ. ಮರ ಅಂದೇ ಸಾಯುವುದಿಲ್ಲ. ಎರಡು ಮೂರು ವರ್ಷ ಬಿಟ್ಟು ಒಂದು ಕಡೆಯಿಂದ ಒಣಗುತ್ತಾ ಬರುತ್ತದೆ, ಇಲ್ಲವೇ ಗಾಳಿಮಳೆಗೆ ಬುಡಸಮೇತ ಉರುಳುತ್ತದೆ.

ಲೆಕ್ಕ ಸುಲಭ. ಎದೆ ಎತ್ತರದಲ್ಲಿ ಕಾಂಡದ ಅಡ್ಡಳತೆ ಎಷ್ಟಿದೆಯೋ ಅದರ 12 ಪಟ್ಟು ದೂರದವರೆಗೆ ಬೇರಿನ ಜಾಗ ಅಂತ ಹಿಡಿಯುತ್ತಾರೆ. ಕಾಂಡದ ಸುತ್ತಳತೆ ಟೇಪ್‌ನಲ್ಲಿ 126 ಸೆಂಟಿಮೀಟರ್ ಬಂದರೆ ಅಡ್ಡಳತೆ 40, ಅದರ 12 ಪಟ್ಟು 4.8 ಮೀಟರ್. ನಿಮ್ಮ ಮರವನ್ನು ಅಳೆದು ಈ ವೃತ್ತವನ್ನು ನಕ್ಷೆಯ ಮೇಲೆ ಬರೆಯಿರಿ. ದಾರಿ ವೃತ್ತದ ಹೊರಗಿದ್ದರೆ ತಕರಾರೇ ಇಲ್ಲ. ಅಂಚು ತಾಗಿದರೆ ಆ ಭಾಗದಲ್ಲಿ ಯಂತ್ರ ಇಳಿಸದೆ ಕೈಯಿಂದ ಅಗೆಯುತ್ತೇವೆ, ದಪ್ಪ ಬೇರು ಕಡಿಯುವುದಿಲ್ಲ, ನೀರು ಇಂಗುವ ಕಲ್ಲುಹಾಸು ಹಾಕುತ್ತೇವೆ, ಕೆಲಸ ಮುಗಿಯುವವರೆಗೆ ಮರದ ಸುತ್ತ ಬೇಲಿ ಇರುತ್ತದೆ ಅಂತ ಬರೆದು ಕೊಡಿ. ಮರ ದಾರಿಯ ನೇರಕ್ಕೇ ಇದ್ದರೆ? ಮನೆಯ ಮುಂದಿನ 6 ಮೀಟರ್ ಇಲ್ಲಿ ಕೈ ಹಿಡಿಯುತ್ತದೆ. ದಾರಿಯ ಬಾಯಿಯನ್ನು ಒಂದೆರಡು ಮೀಟರ್ ಪಕ್ಕಕ್ಕೆ, ಮನೆ ಇರುವ ಕಡೆಗೆ ಸರಿಸಿ, ಫುಟ್‌ಪಾತನ್ನು ನೇರವಾಗಿ ದಾಟಿ, ಒಳಗೆ ಬಂದ ಮೇಲೆ ನಿಧಾನವಾಗಿ ಪಕ್ಕದ ಓಣಿಗೆ ತಿರುಗಿಸಬಹುದು. ಎರಡು ಮೀಟರ್ ದಾಟಬೇಡಿ. ಅದಕ್ಕಿಂತ ಜಾಸ್ತಿ ಸರಿಸಿದರೆ 6 ಮೀಟರ್‌ನೊಳಗೆ ಕಾರು ಓಣಿಗೆ ನೇರವಾಗಿ ನಿಲ್ಲುವುದು ಕಷ್ಟ.

ಮರ ಕಡಿಸಲು ಅರ್ಜಿ ಹಾಕೋಣವೇ ಅಂತ ನೀವು ಕೇಳಿಲ್ಲ. ಕೇಳದಿದ್ದಕ್ಕೆ ಸಂತೋಷ ಆಯಿತು.

ಇನ್ನು ನೀರು. ನಿಮ್ಮ ಸೈಟಿನಲ್ಲಿ ನಿಜವಾದ ಪರೀಕ್ಷೆ ಇರುವುದು ಇಲ್ಲೇ, ಯಾಕೆಂದರೆ ಹಿತ್ತಲು ತಗ್ಗು. ಪಕ್ಕದ ಗಡಿಯಿಂದಲೂ ಹಿಂದಿನ ಗಡಿಯಿಂದಲೂ 1 ಮೀಟರ್ ಬಿಟ್ಟು ಗ್ಯಾರೇಜ್ ಇಟ್ಟರೆ ಅದರ ಬಾಗಿಲು ರಸ್ತೆಯ ಗಡಿಯಿಂದ 28.5 ಮೀಟರ್ ಒಳಗೆ ಬರುತ್ತದೆ. ಅಷ್ಟು ಉದ್ದಕ್ಕೆ 1.1 ಮೀಟರ್ ಇಳಿದರೆ ಸುಮಾರು ಶೇ. 4ರ ಇಳಿಜಾರು. ಕಾರಿಗೆ ಇದು ಏನೇನೂ ಅಲ್ಲ. ಇಳಿಜಾರು ಒಮ್ಮೆಲೇ ಶೇ. 12ಕ್ಕಿಂತ ಹೆಚ್ಚು ಬದಲಾದರೆ ಮಾತ್ರ ಕಾರಿನ ಹೊಟ್ಟೆ ಅಥವಾ ಮೂತಿ ತಾಗುವ ಭಯ. ಆದರೆ ಕಾರಿಗೆ ಒಳ್ಳೆಯದಾದ ಇಳಿಜಾರು ನೀರಿಗೂ ಒಳ್ಳೆಯ ಹಾದಿಯೇ ಅಲ್ವಾ? ಬಿದ್ದ ಮಳೆಯೆಲ್ಲಾ ನೇರ ಗ್ಯಾರೇಜ್ ಬಾಗಿಲಿಗೆ, ಅಲ್ಲಿಂದ ಹಿಂದಿನ ಮನೆಯವರ ಕಾಂಪೌಂಡಿಗೆ.

ಎಷ್ಟು ನೀರು? ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್. ಈ ಒಂದು ಸಾಲು ಗೊತ್ತಿದ್ದರೆ ಉಳಿದಿದ್ದೆಲ್ಲಾ ಗುಣಾಕಾರ. 3 ಮೀಟರ್ ಅಗಲದ ಪೂರ್ತಿ ಕಾಂಕ್ರೀಟ್ ದಾರಿ 85.5 ಚದರ ಮೀಟರ್. ಒಂದು ಕಾರಿನ ಗ್ಯಾರೇಜ್‌ನ (ಎರಡರ ಬದಲು ಒಂದೇ ಯಾಕೆ ಅಂತ ಮುಂದೆ ಹೇಳುತ್ತೇನೆ) ಚಾವಣಿ ಇನ್ನೊಂದು 26. ಒಟ್ಟು 111.5. ಜೋರಾಗಿ 40 ಮಿಲಿಮೀಟರ್ ಮಳೆ ಸುರಿದರೆ ಇದರ ಮೇಲೆ ಬೀಳುವುದು 4,460 ಲೀಟರ್. ಕಾಂಕ್ರೀಟ್ ಮೇಲೆ ಬಿದ್ದ ನೀರಿನಲ್ಲಿ ಶೇ. 90ರಷ್ಟು ಹರಿದು ಹೋಗುತ್ತದೆ ಅಂತ ಹಿಡಿದರೂ ಸುಮಾರು 4,000 ಲೀಟರ್. ಮೊದಲು ಇದರಲ್ಲಿ ಬಹುಪಾಲನ್ನು ಹುಲ್ಲು, ಮಣ್ಣು ಕುಡಿಯುತ್ತಿದ್ದವು. ಈಗ ಅದು ಹಿಂದಿನ ಮನೆಯ ಪಾಯಕ್ಕೆ ಹೋಗುತ್ತದೆ. ಪಾಲಿಕೆ ಕೇಳಿದ್ದು ಈ ಪ್ರಶ್ನೆಯನ್ನೇ, ಕೇಳಬೇಕಾದದ್ದೇ.

ನನ್ನ ಮಾತು ಕೇಳುವುದಾದರೆ ಪೂರ್ತಿ ಕಾಂಕ್ರೀಟಿನ ಆಸೆ ಬಿಡಿ. ಎರಡು ಪಟ್ಟಿ ಹಾಕಿ. ತಲಾ 60 ಸೆಂಟಿಮೀಟರ್ ಅಗಲ, ನಡುವೆ 90 ಸೆಂಟಿಮೀಟರ್ ಹುಲ್ಲು ಅಥವಾ ಜಲ್ಲಿ. ಕಾರಿನ ಎಡ ಬಲ ಚಕ್ರಗಳ ನಡುವೆ ಸುಮಾರು ಒಂದೂವರೆ ಮೀಟರ್ ಇರುತ್ತದೆ, ಹಾಗಾಗಿ ಚಕ್ರ ಸರಿಯಾಗಿ ಪಟ್ಟಿಯ ಮಧ್ಯಕ್ಕೆ ಬರುತ್ತದೆ. ಗ್ಯಾರೇಜ್ ಎದುರು ತಿರುಗುವ ಕಡೆ ಪಟ್ಟಿಯನ್ನು ಸ್ವಲ್ಪ ಅಗಲ ಮಾಡಿಕೊಳ್ಳಿ. ಅದನ್ನು ಬಿಟ್ಟರೆ ಕಾಂಕ್ರೀಟ್ 85 ಚದರ ಮೀಟರ್‌ನಿಂದ 34ಕ್ಕೆ ಇಳಿಯುತ್ತದೆ. ಅದೇ ಮಳೆಗೆ ಹರಿಯುವ ನೀರು 4,000ದಿಂದ ಸುಮಾರು 2,200 ಲೀಟರ್‌ಗೆ ಇಳಿಯುತ್ತದೆ. ಖರ್ಚೂ ಇಳಿಯುತ್ತದೆ. ಮರದ ಬೇರಿಗೂ ಉಸಿರಾಡಲು ಜಾಗ ಸಿಗುತ್ತದೆ. ಒಂದೇ ಬದಲಾವಣೆಯಲ್ಲಿ ಎರಡು ಆಕ್ಷೇಪ ಅರ್ಧಕ್ಕರ್ಧ ಕರಗಿದವು ನೋಡಿ.

ಉಳಿದ ನೀರಿಗೆ ಗ್ಯಾರೇಜ್ ಬಾಗಿಲಿನ ಮುಂದೆ ಅಡ್ಡಲಾಗಿ ಜಾಲರಿ ಮುಚ್ಚಿದ ಕಾಲುವೆ ಹಾಕಿ. ಬಾಗಿಲಿಗೆ ಬರುವ ಕೊನೆಯ ಒಂದೆರಡು ಮೀಟರ್ ದಾರಿಯನ್ನು ಸ್ವಲ್ಪ ಮೇಲಕ್ಕೆತ್ತಿ, ನೀರು ಬಾಗಿಲಿನಿಂದ ಹಿಂದಕ್ಕೆ ಕಾಲುವೆಗೆ ಬರುವ ಹಾಗೆ ಮಾಡಿ. ಕಾಲುವೆಯಿಂದ ಪೈಪಿನಲ್ಲಿ ಇಂಗುಗುಂಡಿಗೆ. 1.5 ಮೀಟರ್ ಚೌಕ, 1.2 ಮೀಟರ್ ಆಳದ ಗುಂಡಿಗೆ ದಪ್ಪ ಜಲ್ಲಿ ತುಂಬಿದರೆ ಕಲ್ಲುಗಳ ನಡುವಿನ ಸಂದಿಯಲ್ಲಿ ಸುಮಾರು 900 ಲೀಟರ್ ಹಿಡಿಯುತ್ತದೆ. ಅಂಥ ಎರಡು ಗುಂಡಿ ಇದ್ದು, ಮಣ್ಣು ಚೆನ್ನಾಗಿ ನೀರು ಕುಡಿಯುವಂಥದ್ದಾದರೆ ನಿಮ್ಮ ಲೆಕ್ಕ ಕೂಡುತ್ತದೆ. ಜಿಗುಟು ಜೇಡಿಮಣ್ಣಾದರೆ ಗುಂಡಿ ಸುಮ್ನೆ ತುಂಬಿ ನಿಲ್ಲುತ್ತದೆ, ಆಗ ಟ್ಯಾಂಕ್ ಮತ್ತು ಪಂಪ್ ಬೇಕಾಗುತ್ತದೆ. ಮೊದಲೇ ಒಂದು ಸಣ್ಣ ಗುಂಡಿ ತೋಡಿ ನೀರು ತುಂಬಿಸಿ, ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆ ಅಂತ ಗಡಿಯಾರ ಹಿಡಿದು ನೋಡಿ. ಆ ಅಂಕಿಗಳನ್ನು ಅರ್ಜಿಯ ಜೊತೆ ಕೊಡಿ. ಇಂಗುಗುಂಡಿ ಮನೆಯ ಪಾಯದಿಂದ 5 ಮೀಟರ್ ದೂರ ಇರಲಿ, ಹಿಂದಿನ ಗಡಿಗೆ ಅಂಟಿಸಿ ಇಡಬೇಡಿ.

ಇಷ್ಟೆಲ್ಲಾ ಆದ ಮೇಲೆ ಈಗ ಗ್ಯಾರೇಜ್. ನಿಮ್ಮ ಸೈಟು 432 ಚದರ ಮೀಟರ್. ಶೇ. 35 ಅಂದರೆ 151.2. ಮನೆ ಆಗಲೇ 120 ತಿಂದಿದೆ. ಉಳಿದಿದ್ದು 31.2. ನೀವು ಕೇಳಿದ್ದು 39. ಎಂಟು ಚದರ ಮೀಟರ್ ಜಾಸ್ತಿ ಆಯಿತು. ಇಲ್ಲಿ ಇನ್ನೊಂದು ಎಡವಟ್ಟು ಆಗುವುದುಂಟು: ಪಾಲಿಕೆ ಅಳೆಯುವುದು ಗೋಡೆಯ ಹೊರಮೈಯಿಂದ, ನಾವು ಯೋಚಿಸುವುದು ಒಳಮೈಯಿಂದ. ಒಳಗೆ 6 × 6.5 ಬೇಕು ಅಂದುಕೊಂಡಿದ್ದರೆ ಹೊರಗೆ ಅದು ಇನ್ನೂ ಜಾಸ್ತಿ ಆಗುತ್ತದೆ. ಕೆಲವು ಕಡೆ ಚಾಚಿದ ಚಾವಣಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ಅದನ್ನು ಕೌಂಟರ್‌ನಲ್ಲಿ ಕೇಳಿಕೊಳ್ಳಿ.

ಹಾಗಾದರೆ ವಿನಾಯಿತಿ ಕೇಳೋಣವೇ? ಕೇಳಬಹುದು. ಆದರೆ ವಿನಾಯಿತಿ ಕೊಡುವವರು ಸಾಮಾನ್ಯವಾಗಿ ನೋಡುವುದು ಒಂದನ್ನೇ: ತೊಂದರೆ ಭೂಮಿಯದೋ, ಮಾಲೀಕರದೋ? ಸೈಟು ತ್ರಿಕೋನವಾಗಿದೆ, ನಡುವೆ ಬಂಡೆ ಇದೆ, ಕಡಿದಾದ ಇಳಿಜಾರಿದೆ, ಹಾಗಾಗಿ ಎಲ್ಲರಿಗೂ ಸಿಗುವಷ್ಟು ಅನುಕೂಲ ನಮಗೆ ಸಿಗುತ್ತಿಲ್ಲ ಅಂದರೆ ಅದು ಭೂಮಿಯ ತೊಂದರೆ. ನಮ್ಮಲ್ಲಿ ಎರಡು ಕಾರಿವೆ ಅನ್ನುವುದು ಮಾಲೀಕರ ತೊಂದರೆ. ನಿಮ್ಮದು ಚೊಕ್ಕ ಆಯತಾಕಾರದ ಸೈಟು. ತಿಂಗಳುಗಟ್ಟಲೆ ಓಡಾಡಿ, ಶುಲ್ಕ ಕಟ್ಟಿ, ವಿಚಾರಣೆಗೆ ಹೋಗಿ, ಕೊನೆಗೆ ಇಲ್ಲ ಅನ್ನಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು.

ಅದಕ್ಕಿಂತ ಮುಖ್ಯವಾದ ಒಂದು ಮಾತಿದೆ. ಎರಡು ಕಾರಿನ ಗ್ಯಾರೇಜ್‌ಗೆ ಮುದ್ರೆ ಬಿದ್ದರೂ ಎರಡನೇ ಕಾರು ನಿಮ್ಮಲ್ಲಿ ಸುಲಭವಾಗಿ ಒಳಗೆ ಹೋಗುವುದಿಲ್ಲ. ಮನೆಯ ಹಿಂಗೋಡೆಯಿಂದ ಗ್ಯಾರೇಜ್ ಬಾಗಿಲಿಗೆ ಇರುವುದು 7.5 ಮೀಟರ್. ಪಕ್ಕದ ಓಣಿಯ ಮಧ್ಯದಿಂದ ಒಳಗಿನ ಕಾರಿನ ಜಾಗದ ಮಧ್ಯಕ್ಕೆ ಸುಮಾರು 4 ಮೀಟರ್ ಪಕ್ಕಕ್ಕೆ ಸರಿಯಬೇಕು. ಒಮ್ಮೆ ಎಡಕ್ಕೆ, ಮತ್ತೆ ಬಲಕ್ಕೆ ತಿರುಗಿಸಿ ನೇರವಾಗಿ ಬಾಗಿಲಿಗೆ ಬರಲು ಸಾಮಾನ್ಯ ಕಾರಿಗೆ ಅಷ್ಟು ಜಾಗ ಸಾಲದು. ದಿನಾ ಹಿಂದೆ ಮುಂದೆ ಮಾಡಬೇಕು. ಒಂದು ತಿಂಗಳಾದ ಮೇಲೆ ಆ ಕಾರು ಮತ್ತೆ ರಸ್ತೆಯಲ್ಲೇ ನಿಲ್ಲುತ್ತದೆ. ನಂಬಿಕೆ ಬರದಿದ್ದರೆ ಖಾಲಿ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಓಡಿಸಿ ನೋಡಿ.

ಒಂದೇ ಕಾರಿನದಾದರೆ ಪಕ್ಕಕ್ಕೆ ಸರಿಯಬೇಕಾದ್ದು ಒಂದೂವರೆ ಮೀಟರ್. ಸಲೀಸಾಗಿ ಆಗುತ್ತದೆ. ಹೊರಗಿನ ಅಳತೆ 4 × 6.5 ಮೀಟರ್ ಇಟ್ಟುಕೊಳ್ಳಿ, 26 ಚದರ ಮೀಟರ್. ಮನೆ ಸೇರಿ 146, ಅಂದರೆ ಶೇ. 33.8. ಮಿತಿಯೊಳಗೆ ಬಂತು. 20 ಸೆಂಟಿಮೀಟರ್ ಗೋಡೆ ಕಳೆದರೆ ಒಳಗೆ 3.6 × 6.1 ಸಿಗುತ್ತದೆ. ದೊಡ್ಡ ಕಾರಾದರೂ ಉದ್ದ 4.5ರಿಂದ 4.9 ಮೀಟರ್, ಕನ್ನಡಿ ಸೇರಿ ಅಗಲ ಸುಮಾರು 2 ಮೀಟರ್. ಬಾಗಿಲು ತೆರೆದು ಆರಾಮವಾಗಿ ಇಳಿಯಬಹುದು, ಒಂದು ಕಡೆ ಶೆಲ್ಫ್ ಕೂಡಾ ಹಾಕಬಹುದು. ಎರಡನೇ ಕಾರು ಗ್ಯಾರೇಜ್ ಮುಂದಿನ 7.5 ಮೀಟರ್‌ನಲ್ಲಿ ಬಯಲಲ್ಲಿ ನಿಲ್ಲಲಿ. ಕಾರಿಗೆ ಬಿಸಿಲು ತಾಗಿದರೆ ನಷ್ಟವೇನೂ ಇಲ್ಲ.

ಗ್ಯಾರೇಜ್ ಒಳಗಿನ ವಿಷಯದಲ್ಲಿ ನಕ್ಷೆ ನೋಡುವವರು ಬೆಂಕಿಯ ಕಣ್ಣಿನಿಂದ ನೋಡುತ್ತಾರೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಂಡಿರುತ್ತದೆ. ಆದ್ದರಿಂದ ಕಿಡಿ ಹಾರಿಸುವ ಸ್ವಿಚ್, ಮೋಟಾರ್, ಹೀಟರ್‌ಗಳನ್ನು ನೆಲದಿಂದ ಕನಿಷ್ಠ 45 ಸೆಂಟಿಮೀಟರ್ ಮೇಲೆ ಇಡಬೇಕು. ನೆಲ ಬಾಗಿಲಿನ ಕಡೆಗೆ ಶೇ. 1ರಿಂದ 2ರಷ್ಟು ಇಳಿಜಾರಾಗಿರಲಿ. ಗೋಡೆಯ ಕೆಳಗೂ ಮೇಲೂ ಗಾಳಿಕಿಂಡಿ ಇರಲಿ. ನಿಮ್ಮದು ಮನೆಯಿಂದ ಬಿಡಿಯಾಗಿ ನಿಂತ ಗ್ಯಾರೇಜ್ ಆದ್ದರಿಂದ ಎಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಮಲಗುವ ಕೋಣೆಗೆ ನುಗ್ಗುವ ಅಪಾಯ ಇಲ್ಲ, ಆದರೂ ಬಾಗಿಲು ಮುಚ್ಚಿ ಎಂಜಿನ್ ಓಡಿಸಬೇಡಿ.

ಈಗ ಮರುಅರ್ಜಿ. ಹಳೆಯ ನಕ್ಷೆಯನ್ನೇ ತಿದ್ದಿ ಕೊಡಬೇಡಿ, ಹೊಸದಾಗಿ ಬರೆಸಿ. ಅದಕ್ಕೂ ಮೊದಲು ಸರ್ವೆಯವರಿಂದ ಗಡಿ ಗುರುತು ಹಾಕಿಸಿ. ಹಳೆಯ ಕಾಂಪೌಂಡ್ ಇದ್ದ ಜಾಗವೇ ಗಡಿ ಅಂತ ನಂಬಿ ಕೆಟ್ಟವರು ಬಹಳ ಜನ. ಮನೆಪತ್ರದಲ್ಲಿ ಪೈಪ್‌ಲೈನ್‌ಗೋ ವಿದ್ಯುತ್ ತಂತಿಗೋ ಬಿಟ್ಟ ಪಟ್ಟಿ ಏನಾದರೂ ಹಿತ್ತಲಲ್ಲಿ ಹಾದುಹೋಗಿದೆಯಾ ಅಂತ ಓದಿ ನೋಡಿ. ಇದ್ದರೆ ಅದರ ಮೇಲೆ ಗ್ಯಾರೇಜ್ ಬರುವಂತಿಲ್ಲ. ದಾರಿ ಕೆಲವೊಮ್ಮೆ ಬರಬಹುದು. ನಕ್ಷೆ 1:100 ಅಳತೆಯಲ್ಲಿರಲಿ. ಉತ್ತರ ದಿಕ್ಕಿನ ಬಾಣ, ಎಲ್ಲಾ ಗಡಿಗಳ ಉದ್ದ, ಪ್ರತಿ ಗೋಡೆಯಿಂದ ಗಡಿಗೆ ದೂರ, ರಸ್ತೆ, ಫುಟ್‌ಪಾತ್, ಮರ, ಕಂಬ ಎಲ್ಲವೂ ಕಾಣಬೇಕು. ದಾರಿಯ ಉದ್ದಕ್ಕೂ ಪ್ರತಿ 5 ಮೀಟರ್‌ಗೆ ನೆಲದ ಮಟ್ಟ ಈಗ ಎಷ್ಟು, ಆಮೇಲೆ ಎಷ್ಟು ಅಂತ ಬರೆದಿರಬೇಕು. ನೀರು ಹರಿಯುವ ದಿಕ್ಕಿಗೆ ಬಾಣ ಹಾಕಿಸಿ. ಈ ಬಾಣಗಳಿಲ್ಲದೆ ಎಷ್ಟೋ ಅರ್ಜಿಗಳು ವಾಪಸ್ ಬರುತ್ತವೆ.

ಜೊತೆಗೆ ಒಂದು ಪುಟದ ಪತ್ರ ಬರೆಯಿರಿ. ಅವರು ಹಾಕಿದ ನಾಲ್ಕು ಆಕ್ಷೇಪವನ್ನು ಅವರದೇ ಮಾತಿನಲ್ಲಿ ಎತ್ತಿ ಬರೆದು, ಪ್ರತಿಯೊಂದರ ಕೆಳಗೆ ಏನು ಬದಲಾಯಿಸಿದ್ದೀರಿ, ನಕ್ಷೆಯ ಯಾವ ಹಾಳೆಯಲ್ಲಿದೆ ಅಂತ ಹೇಳಿ. ವಾದ ಮಾಡಬೇಡಿ, ಕಷ್ಟ ತೋಡಿಕೊಳ್ಳಬೇಡಿ. ಓದುವವರ ಮುಂದೆ ರಾಶಿ ಕಡತ ಇರುತ್ತದೆ, ಹುಡುಕದೆ ಉತ್ತರ ಸಿಕ್ಕಿದರೆ ನಿಮ್ಮ ಕಡತ ಬೇಗ ಮುಂದೆ ಹೋಗುತ್ತದೆ. ಕೊಡುವ ಮುಂಚೆ ಒಂದು ಸಲ ಹೋಗಿ ಕರಡು ನಕ್ಷೆ ತೋರಿಸಿ ಮಾತಾಡಲು ಸಮಯ ಕೇಳಿ. ಅಲ್ಲಿ ಅವರು ಹೇಳಿದ್ದನ್ನು ದಿನಾಂಕದ ಸಮೇತ ಬರೆದಿಟ್ಟುಕೊಳ್ಳಿ.

ಪಕ್ಕದವರಿಗೆ, ಮುಖ್ಯವಾಗಿ ಹಿಂದಿನ ಮನೆಯವರಿಗೆ, ಪಾಲಿಕೆಯ ನೋಟಿಸ್ ತಲುಪುವ ಮುಂಚೆ ನೀವೇ ನಕ್ಷೆ ಹಿಡಿದು ಹೋಗಿ. ನಿಮ್ಮ ಕಡೆ ನೀರು ಬರದ ಹಾಗೆ ಹೀಗೆ ಮಾಡಿದ್ದೇವೆ ಅಂತ ಕಾಲುವೆ, ಗುಂಡಿ ತೋರಿಸಿ. ಅವರಿಗೆ ಮಳೆಗಾಲದಲ್ಲಿ ಎಲ್ಲಿ ನೀರು ನಿಲ್ಲುತ್ತದೆ ಅಂತ ಕೇಳಿ. ನಿಮ್ಮ ನಕ್ಷೆಯಲ್ಲಿಲ್ಲದ ಒಂದು ವಿಷಯ ಅಲ್ಲಿ ಸಿಕ್ಕೇ ಸಿಗುತ್ತದೆ.

ಅನುಮತಿ ಕೈಗೆ ಬಂದ ಮೇಲೆ ಅದರ ಷರತ್ತುಗಳನ್ನು ಕಂಟ್ರಾಕ್ಟರ್ ಜೊತೆ ಕೂತು ಓದಿ. ಅನುಮತಿಗೆ ಅವಧಿ ಇರುತ್ತದೆ, ಕೆಲಸ ಶುರು ಮಾಡದೆ ಬಿಟ್ಟರೆ ಅದು ಬಿದ್ದುಹೋಗುತ್ತದೆ. ಮುದ್ರೆ ಬಿದ್ದ ನಕ್ಷೆಯ ಒಂದು ಪ್ರತಿ ಕೆಲಸದ ಜಾಗದಲ್ಲೇ ಇರಲಿ. ಅಗೆಯುವ ಮುಂಚೆ ನೆಲದಡಿಯ ನೀರು, ಗ್ಯಾಸ್, ಕೇಬಲ್ ಗುರುತು ಹಾಕಿಸಿ. ಪಾಯದ ಗುಂಡಿ ತೋಡಿ ಕಂಬಿ ಕಟ್ಟಿದ ಮೇಲೆ, ಕಾಂಕ್ರೀಟ್ ಸುರಿಯುವ ಮುಂಚೆ ತಪಾಸಣೆ ಆಗಬೇಕು. ಲಾರಿ ಬಂದು ನಿಂತಿದೆ, ಇನ್ಸ್‌ಪೆಕ್ಟರ್ ಬಂದಿಲ್ಲ ಅನ್ನುವ ಸ್ಥಿತಿ ತಂದುಕೊಳ್ಳಬೇಡಿ. ಕಂಟ್ರಾಕ್ಟರ್‌ಗೆ ಕೊಡುವ ಕಂತುಗಳನ್ನು ಈ ತಪಾಸಣೆಗಳಿಗೆ ಕಟ್ಟಿಹಾಕಿ: ಪಾಯದ ತಪಾಸಣೆ ಪಾಸಾದರೆ ಒಂದು ಕಂತು, ಮುಕ್ತಾಯದ ಪತ್ರ ಕೈಗೆ ಬಂದ ಮೇಲೆ ಕೊನೆಯದು. "ಆಮೇಲೆ ಸರಿ ಮಾಡಿಸಿಕೊಳ್ಳೋಣ" ಅನ್ನುವ ಮಾತು ಆಗ ತಾನಾಗಿ ನಿಂತುಹೋಗುತ್ತದೆ.

ದಾರಿಯ ಪಟ್ಟಿಗೆ ಕೆಳಗೆ 10ರಿಂದ 15 ಸೆಂಟಿಮೀಟರ್ ಜಲ್ಲಿ ಚೆನ್ನಾಗಿ ದಮ್ಮಸ್ಸು ಮಾಡಿ, ಮೇಲೆ 10 ಸೆಂಟಿಮೀಟರ್ ಕಾಂಕ್ರೀಟ್ ಸಾಕು. ಫುಟ್‌ಪಾತ್ ದಾಟುವ ಭಾಗಕ್ಕೆ 15 ಹಾಕಿಸಿ. ಬಿರುಕು ಎಲ್ಲೆಂದರಲ್ಲಿ ಬಿಡದ ಹಾಗೆ ಕಿರಿದಾದ ಪಟ್ಟಿಗೆ ಒಂದು ಮೀಟರ್ ಆಸುಪಾಸಿಗೊಂದು ಅಡ್ಡ ಗೀರು ಕೊಡಿ. ಏಳು ದಿನ ಒದ್ದೆ ಇಟ್ಟು ಆಮೇಲೆ ಕಾರು ಹತ್ತಿಸಿ. ಭಾರದ ಲಾರಿ 28 ದಿನದವರೆಗೆ ಬೇಡ. ಕಾಂಕ್ರೀಟ್ ಹಾಕುವ ಹಿಂದಿನ ದಿನ ಮನೆಯಿಂದ ಗ್ಯಾರೇಜ್‌ವರೆಗೆ ಒಂದು ಖಾಲಿ ಪೈಪ್ ಹೂಳಿಸಿಬಿಡಿ, ದಾರಿಗೆ ಅಡ್ಡಲಾಗಿ ಇನ್ನೊಂದು. ಮುಂದೆ ಎಲೆಕ್ಟ್ರಿಕ್ ಕಾರಿನ ಚಾರ್ಜರ್‌ಗೆ ಪ್ರತ್ಯೇಕ ತಂತಿ ಬೇಕಾದಾಗ ಹೊಸ ಕಾಂಕ್ರೀಟ್ ಒಡೆಯಬೇಕಾಗುವುದಿಲ್ಲ. ಪೈಪ್ ಎಲ್ಲಿ ಹೋಗಿದೆ ಅಂತ ಗೋಡೆಯಿಂದ ಅಳತೆ ಹಾಕಿ, ಟೇಪ್ ಕಾಣುವ ಹಾಗೆ ಫೋಟೋ ತೆಗೆದು ಅನುಮತಿ ಪತ್ರದ ಜೊತೆಗೇ ಇಟ್ಟುಕೊಳ್ಳಿ.